ಕರಾರು ಪತ್ರ ಬರೆಯುತ್ತಾ ಕಂಡ ಕೆಂಗೇರಿ

ಕೆಂಗೇರಿ ಉಪನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ತೊಂಬತ್ತರ ದಶಕದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಶುರು ಮಾಡಿದಾಗಿನಿಂದ ಬಾಡಿಗೆ ಕರಾರು ಪತ್ರ ಬರೆದುಕೊಡುವುದೇ ಮುಖ್ಯ ಸಂಪಾದನೆ. ಆಗೆಲ್ಲ ಮನೆ ಹುಡುಕಲು ಬ್ರೋಕರ್ ಬೇಕಿರಲಿಲ್ಲ. ಯಾವ ಕ್ರಾಸಿನಲ್ಲಿ ಯಾರು ಖಾಲಿ ಮಾಡುತ್ತಾರೆ ಎಂಬುದು ಇಸ್ತ್ರಿ ಅಂಗಡಿಯವರಿಗೆ, ಹಾಲಿನ ಬೂತಿನವರಿಗೆ ಮೊದಲೇ ಗೊತ್ತಿರುತ್ತಿತ್ತು. ಮೆಜೆಸ್ಟಿಕ್‌ಗೆ, ಮಾರ್ಕೆಟ್‌ಗೆ ಕೆಲಸಕ್ಕೆ ಹೋಗುವವರಿಗೆ ಕೆಂಗೇರಿ ದೂರ. ಆ ದೂರವೇ ಬಾಡಿಗೆಯನ್ನು ಹಿಡಿತದಲ್ಲಿಟ್ಟಿತ್ತು. ಮೈಸೂರು ರಸ್ತೆಯ ಬಸ್ಸಿನಲ್ಲಿ ನಿಂತು ಹೋಗಲು ತಯಾರಿದ್ದವರಿಗೆ ಇಲ್ಲಿ ಎರಡು ಕೋಣೆ, ಹಿತ್ತಲಲ್ಲಿ ಒಗೆಯುವ ಕಲ್ಲು ಸಿಗುತ್ತಿತ್ತು.

ಎಲ್ಲರಿಗೂ ಸಿಗುತ್ತಿತ್ತು ಎಂದು ಹೇಳಲಾರೆ. ‘ನೀವು ಯಾವ ಜನ?’ ಎಂದು ಗೇಟಿನಲ್ಲೇ ಕೇಳಿ ವಾಪಸ್ ಕಳಿಸಿದ್ದನ್ನು ಕಂಡಿದ್ದೇನೆ. ಈಗ ಫೋನಿನಲ್ಲಿ ‘ವೆಜ್ಜಾ, ನಾನ್‌ವೆಜ್ಜಾ?’ ಎನ್ನುತ್ತಾರೆ. ಎರಡೂ ಒಂದೇ.

2021ರ ಆಗಸ್ಟ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ಕೆಂಗೇರಿಗೆ ಬಂತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಹೋಯಿತು. ಬೈಯಪ್ಪನಹಳ್ಳಿ ಆಚೆಗಿನ ತುಂಡೂ ಅದೇ ದಿನ ಕೂಡಿಕೊಂಡು ಇಲ್ಲಿ ಹತ್ತಿದವರು ವೈಟ್‌ಫೀಲ್ಡ್‌ನಲ್ಲಿ ಇಳಿಯುವಂತಾಯಿತು. ಮೂವತ್ತು ನಲವತ್ತರ ಸೈಟಿನ ಹೆಂಚಿನ ಮನೆಗಳು ಉರುಳಿ ನಾಲ್ಕು ಅಂತಸ್ತು ಎದ್ದವು. ದೂರ ಕಡಿಮೆಯಾಯಿತು, ಬಾಡಿಗೆ ಏರಿತು. ಆದರೆ ಕಡಿಮೆ ಸಂಬಳದವರನ್ನು ಹೊರಗೆ ನಿಲ್ಲಿಸಿದ್ದು ಬಾಡಿಗೆಗಿಂತ ಹೆಚ್ಚಾಗಿ ಅಡ್ವಾನ್ಸ್.

ಲೆಕ್ಕ ನೋಡಿ. 12,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 1,20,000. ಮೊದಲ ತಿಂಗಳ ಬಾಡಿಗೆ, ಬ್ರೋಕರ್‌ಗೆ ಒಂದು ತಿಂಗಳ ಕಮಿಷನ್ ಸೇರಿಸಿದರೆ 1,44,000. ಪಾತ್ರೆ ಪಗಡೆ ಒಳಗಿಡುವ ಮೊದಲೇ ಇಷ್ಟು ಕೈಯಲ್ಲಿರಬೇಕು.

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಗಂಡನ ಜೊತೆ ಬಂದಿದ್ದಳು, ಮದ್ದೂರು ಕಡೆಯವರು. ಮನೆ ಮಾಲೀಕರೂ ಅಂಗಡಿಯಲ್ಲೇ ಕುಳಿತಿದ್ದರು.

“ಅರ್ಧ ಈಗ ಕೊಡ್ತೀವಿ ಆಂಟಿ, ಉಳಿದದ್ದು ಮೂರು ತಿಂಗಳಲ್ಲಿ.”

“ಹಳೇ ಬಾಡಿಗೆಯವರಿಗೆ ನಾನು ವಾಪಸ್ ಕೊಡಬೇಕಲ್ಲಮ್ಮ. ನಿಮ್ಮ ದುಡ್ಡು ಬಂದರೆ ತಾನೇ ಅವರಿಗೆ?”

ಆ ಮಾಲೀಕರು ಕೆಟ್ಟವರಲ್ಲ. ಹಿಂದಿನವರ ಅಡ್ವಾನ್ಸ್ ಮೇಲಿನ ಮಹಡಿಯ ಸಿಮೆಂಟು ಕಬ್ಬಿಣಕ್ಕೆ ಹೋಗಿತ್ತು. ಇಲ್ಲಿ ಎಷ್ಟೋ ಮಹಡಿಗಳು ಎದ್ದಿರುವುದು ಹೀಗೆ, ಬಾಡಿಗೆಯವರ ಬಡ್ಡಿಯಿಲ್ಲದ ಸಾಲದಿಂದ. ಖಾಲಿ ಮಾಡುವವರು ಹೊಸಬರು ಬರುವವರೆಗೆ ಕಾಯಬೇಕು, ಬಂದಾಗಲೂ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಆ ದಂಪತಿಗಳು ಕರಾರು ಬರೆಸದೆ ಎದ್ದು ಹೋದರು. ಕುಂಬಳಗೋಡಿನ ಆಚೆ ಶೀಟಿನ ಮನೆ ಹಿಡಿದರೆಂದು ಆಮೇಲೆ ತಿಳಿಯಿತು.

ಕಾನೂನಿನಿಂದ ಇವರಿಗೆ ಸಿಕ್ಕ ಆಸರೆ ಕಡಿಮೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಬೆಂಗಳೂರಿಗೆ ಹಾಕಿದ್ದ ಮಿತಿ ತಿಂಗಳಿಗೆ 3,500 ರೂಪಾಯಿ. ಅದನ್ನು ಮೀರಿದ ಮನೆಗೆ ಕಾಯ್ದೆಯೇ ಅನ್ವಯಿಸುವುದಿಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಆದರೆ ಅದು ಬರೀ ಮಾದರಿ, ರಾಜ್ಯಗಳು ತಾವಾಗಿ ಜಾರಿಗೆ ತರಬೇಕು.

ಅಲ್ಲಿಯವರೆಗೆ ಕಾಯದೆ ಮಾಲೀಕರು ಮೂರು ತಿಂಗಳ ಅಡ್ವಾನ್ಸಿಗೆ ಒಪ್ಪಿಕೊಳ್ಳಲಿ, ಅದನ್ನು ಬ್ಯಾಂಕಿನಲ್ಲೇ ಇಟ್ಟಿರಲಿ. ಮನೆ ಹಿಡಿಯುವವರು ಅಡ್ವಾನ್ಸನ್ನು ನಗದಾಗಿ ಕೊಡಬೇಡಿ, ಖಾತೆಗೇ ಹಾಕಿ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಖಾಲಿ ಮಾಡಿದ ಎಷ್ಟು ದಿನದಲ್ಲಿ ಉಳಿದ ಹಣ ಕೊಡುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿ, ಆಮೇಲೆ ಸಹಿ ಹಾಕಿ.