ಬಾಗಿಲಿನ ಶ್ರುತಿ

ಬೆಳಗಿನ ಏಳೂವರೆ ಹೊತ್ತು. ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೊರಟ ಪುಟ್ಟ ಕಾರಿನಲ್ಲಿ ಬಿಲಹರಿಯ ಆಲಾಪನೆ ಇನ್ನೂ ಬಿಚ್ಚಿಕೊಳ್ಳುತ್ತಿತ್ತು. ಹಿಂದೆ ತಂಬೂರಿ ತನ್ನ ಪಾಡಿಗೆ ತಾನು ಪಂಚಮ, ಷಡ್ಜ, ಷಡ್ಜ ಎಂದು ಬಂದು ನಾಲ್ಕನೇ ತಂತಿಯ ಮಂದ್ರ ಷಡ್ಜ ಮುಟ್ಟಿದ ಕೂಡಲೇ, ಕಾರು ಓಡಿಸುತ್ತಿದ್ದವರ ಬಲಮಂಡಿಯ ಪಕ್ಕದಿಂದ 'ಝರ್ರ್' ಎಂದು ಇನ್ನೊಂದು ದನಿ ಎದ್ದಿತು. ಬೆಂಕಿಪೊಟ್ಟಣದಲ್ಲಿ ಕೂಡಿಹಾಕಿದ ದುಂಬಿಯ ದನಿ. ನಾಲ್ಕು ತಂತಿಗೊಮ್ಮೆ, ಲೆಕ್ಕ ತಪ್ಪದ ಹಾಗೆ.

ಅವರು ವೀಣೆಪಾಠ ಹೇಳಿಕೊಡುವವರು. ಮೊದಲ ಸಲ ಅದನ್ನು ತಂಬೂರಿಯ ಝೇಂಕಾರವೆಂದೇ ತಿಳಿದರು. ಎರಡನೇ ಸಲ ಅನುಮಾನ ಬಂತು. ಮೂರನೇ ಸಲ ಮೊಣಕೈಯನ್ನು ಬಾಗಿಲಿಗೆ ಒತ್ತಿ ಹಿಡಿದರು, ದನಿ ನಿಂತಿತು. ಕೈ ತೆಗೆದರೆ ಮತ್ತೆ ಶುರು. ಮೂವತ್ತು ವರ್ಷ ಶ್ರುತಿ ಕೂಡಿಸಿದ ಕಿವಿಗೆ ಯಾವುದು ಹಾಡಿನ ಝೇಂಕಾರ, ಯಾವುದು ಬಾಗಿಲಿನ ಗಲಾಟೆ ಎಂದು ಒಂದು ಕ್ಷಣ ಗೊತ್ತಾಗಲಿಲ್ಲವಲ್ಲ, ಸಿಟ್ಟು ಬಂದದ್ದು ಅದಕ್ಕೆ. ಉಳಿದ ದಾರಿಯುದ್ದಕ್ಕೂ ಮೊಣಕೈ ಬಾಗಿಲಿನ ಮೇಲೆಯೇ ಇತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಕಂಪನಿ ಸ್ಪೀಕರ್ ಕಿತ್ತು ಬಿಸಾಕಿ, ಒಳ್ಳೆಯದನ್ನು ಹಾಕಿಸಿ. ಮಾತು ಸುಳ್ಳಲ್ಲ. ಸಣ್ಣ ಕಾರಿನ ಜೊತೆ ಬರುವ ಸ್ಪೀಕರಿನ ಬೆನ್ನು ತಿರುಗಿಸಿದರೆ ಪ್ಲಾಸ್ಟಿಕ್ಕಿನ ಚೌಕಟ್ಟು, ತೆಳ್ಳನೆ ಕಾಗದದ ಕೋನ್, ಚಕ್ಕುಲಿಯಷ್ಟಗಲದ ಮ್ಯಾಗ್ನೆಟ್ ಕಾಣಿಸುತ್ತದೆ. ರೂಪಾಯಿ ರೂಪಾಯಿ ಲೆಕ್ಕ ಹಾಕಿ ಕಟ್ಟುವ ಕಾರಿನಲ್ಲಿ ಸ್ಪೀಕರಿಗೆ ಬರುವ ಪಾಲು ಅಷ್ಟೇ. ಯಾವ ಕಂಪನಿಯದು ಮೇಲು, ಯಾವುದು ಕೀಳು ಎಂಬ ವಾದವನ್ನು ಅಂಗಡಿಯವರಿಗೇ ಬಿಡಬಹುದು. ಸ್ಟೀರಿಯೊದ ಮುಖದ ಮೇಲೆ ಬರೆದಿರುವ '50 ವ್ಯಾಟ್ × 4' ಎಂಬುದಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದೇ 14 ವೋಲ್ಟಿನ ಆಸುಪಾಸು. ಅದನ್ನು ನೇರವಾಗಿ ಬಳಸುವ ಸ್ಟೀರಿಯೊ 4 ಓಮ್ ಸ್ಪೀಕರಿಗೆ ಒಡಕಿಲ್ಲದೆ ಎಡೆಬಿಡದೆ ಕೊಡಬಲ್ಲದ್ದು ಸುಮಾರು 20 ವ್ಯಾಟ್. ಕಿವಿಗೆ ಅದು ಧಾರಾಳವಾಗಿ ಸಾಕು.

ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ ಸಿಗದ ಗಲ್ಲಿಯಿಲ್ಲ. ಅಲ್ಲಿನ ಒಂದು ಸಣ್ಣ ಅಂಗಡಿಗೆ ಅವರು ಹೋದದ್ದೂ ಹೊಸ ಸ್ಪೀಕರ್ ಹಾಕಿಸಲೆಂದೇ. ಕೆಲಸದ ಹುಡುಗ ಡಬ್ಬ ತೆರೆಯಲಿಲ್ಲ. "ಮೇಡಂ, ಸ್ಪೀಕರ್ ಆಮೇಲೆ. ಮೊದಲು ಬಾಗಿಲು ನೋಡೋಣ" ಎಂದು ಹಿಡಿಯ ಹಿಂದಿನ ಸ್ಕ್ರೂ ಬಿಚ್ಚಿದ. ಡೋರ್ ಪ್ಯಾಡಿನ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಎಳೆದ. ಕ್ಲಿಪ್ಪುಗಳು ಟಪ್ ಟಪ್ ಎಂದು ಒಂದೊಂದಾಗಿ ಬಿಟ್ಟುಕೊಂಡವು. ಒಳಗೆ ಮಳೆನೀರು ತಡೆಯಲು ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ, ಅದರ ಹಿಂದೆ ಅಂಗೈ ತೂರುವಷ್ಟು ದೊಡ್ಡ ತೂತುಗಳಿರುವ ತಗಡು, ಜೋತುಬಿದ್ದ ವೈರು, ಬೀಗದ ಸರಳು. ತೂತಿನೊಳಗೆ ಕೈ ಹಾಕಿ ಹೊರ ತಗಡನ್ನು ಬೆರಳ ಗಿಣ್ಣಿನಿಂದ ತಟ್ಟಿದ. 'ಠಣ್' ಎಂದಿತು. ಠಣ್ಣೆಂದ ಮೇಲೂ ಸ್ವಲ್ಪ ಹೊತ್ತು ಗುಂಯ್‌ಗುಡುತ್ತಲೇ ಇತ್ತು. ಮೇಡಂ ಮುಂದೆ ಬಗ್ಗಿ ತಾವೂ ತಟ್ಟಿ ನೋಡಿದರು. ವೀಣೆ ಮಾಡುವವರು ಹಲಸಿನ ಕೊಡವನ್ನು ಹಾಗೆಯೇ ತಟ್ಟಿ ಕಿವಿಯಿಟ್ಟು ಕೇಳುವುದನ್ನು ಅವರು ಕಂಡಿದ್ದರು.

ಅಲ್ಲಿಗೆ ವಿಷಯ ಸ್ಪೀಕರನ್ನು ಬಿಟ್ಟು ಬಾಗಿಲಿಗೆ ಬಂತು. ಬರಬೇಕಾದದ್ದೂ ಅಲ್ಲಿಗೇ. ವೀಣೆಯ ತಂತಿಯೊಂದನ್ನೇ ಗಾಳಿಯಲ್ಲಿ ಬಿಗಿದು ಮೀಟಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳದು. ಕೇಳಿಸುವುದು ಕೊಡ. ಕಾರಿನಲ್ಲಿ ಸ್ಪೀಕರಿಗೆ ಕೊಡವೆಂದರೆ ಬಾಗಿಲೇ, ಮತ್ತು ಆ ಕೊಡ ತೂತು. ಕೋನ್ ಮುಂದಕ್ಕೆ ಗಾಳಿಯನ್ನು ನೂಕುವಾಗ ಹಿಂದೆ ಅಷ್ಟೇ ಗಾಳಿಯನ್ನು ಎಳೆಯುತ್ತದೆ. ಐದು ಮನೆ ಶ್ರುತಿಯಲ್ಲಿ ಮಂದ್ರ ಷಡ್ಜವೆಂದರೆ ಸೆಕೆಂಡಿಗೆ 98 ಕಂಪನ. ಅದರ ಅಲೆ ಮೂರೂವರೆ ಮೀಟರ್ ಉದ್ದ, ಹೆಚ್ಚುಕಡಿಮೆ ಸಣ್ಣ ಕಾರಿನಷ್ಟೇ. ಅಷ್ಟುದ್ದದ ಅಲೆಗೆ ಗೇಣಗಲದ ಕೋನ್ ಒಂದು ಅಡ್ಡಿಯೇ ಅಲ್ಲ. ತಗಡಿನ ತೂತುಗಳಿಂದ ಹಿಂದಿನ ಅಲೆ ಮುಂದಕ್ಕೆ ಬಂದು ಎರಡೂ ಒಂದನ್ನೊಂದು ನುಂಗಿಹಾಕುತ್ತವೆ. ಮಂದ್ರವೆಲ್ಲ ಸೋರಿಹೋಗಿ ಉಳಿಯುವುದು ತಗಡಿನ ಸ್ವಂತ ದನಿ. ಹತ್ತು ಸಾವಿರ ರೂಪಾಯಿಯ ಸ್ಪೀಕರ್ ಹಾಕಿದರೂ ಈ ಬಾಗಿಲು ಇದನ್ನೇ ಹಾಡುತ್ತಿತ್ತು, ಇನ್ನೂ ಜೋರಾಗಿ.

ಹುಡುಗ ಒಳಗಿನಿಂದ ಕಪ್ಪು ಹಾಳೆಯ ಸುರುಳಿ ತಂದ. ಒಂದು ಮಗ್ಗುಲಿಗೆ ಅಲ್ಯೂಮಿನಿಯಂ, ಇನ್ನೊಂದಕ್ಕೆ ಎರಡು ಮಿಲಿಮೀಟರ್ ದಪ್ಪದ ಬ್ಯೂಟೈಲ್ ರಬ್ಬರಿನ ಅಂಟು. ಕೈಗೆ ಕೊಟ್ಟರೆ ಗಾತ್ರಕ್ಕೆ ಮೀರಿದ ಭಾರ. ಹಿಟ್ಟಿನ ಹಾಗೆ ಒತ್ತಿದಲ್ಲಿ ಬಗ್ಗುತ್ತದೆ, ಬೆರಳಿಗೆ ಅಂಟುತ್ತದೆ. ಅದನ್ನು ನೋಡಿದ ವೀಣೆಯ ಮೇಡಂಗೆ ನೆನಪಾದದ್ದು ಮೃದಂಗದ ರವೆ.

ಕಚೇರಿ ಶುರುವಾಗುವ ಮುಂಚೆ ಮೃದಂಗದವರು ಪರದೆಯ ಹಿಂದೆ ಕೂತು ರವೆಯನ್ನು ನೀರಿನಲ್ಲಿ ಕಲಸಿ, ಎಡ ಮುಚ್ಚಿಗೆಯ ನಡುವೆ ಹಚ್ಚುತ್ತಾರೆ. ಚೂರು ಹಚ್ಚಿ ತಟ್ಟಿ ಕೇಳುವುದು, ಇನ್ನೊಂದು ಚೂರು ಹಚ್ಚಿ ಮತ್ತೆ ತಟ್ಟುವುದು. ಭಾರ ಏರಿದಷ್ಟೂ ಚರ್ಮದ ದನಿ ಕೆಳಗಿಳಿದು ದಪ್ಪವಾಗುತ್ತದೆ, ಅಡ್ಡಾದಿಡ್ಡಿ ನಾದ ಅಡಗುತ್ತದೆ. ಕಚೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಬಲ ಮುಚ್ಚಿಗೆಯ ಕರಣೆಯಾದರೋ ಶಾಶ್ವತ: ಅನ್ನ ಮತ್ತು ಕಲ್ಲಿನ ಪುಡಿಯ ಕಣಕವನ್ನು ಪದರದ ಮೇಲೆ ಪದರ ಹಚ್ಚಿ, ಉಜ್ಜಿ, ಒಣಗಿಸಿ ಕೂರಿಸಿದ್ದು.

ಈ ಕರಿಯ ಬೊಟ್ಟಿನ ಮುಂದೆ ಬೆರಗಾಗಿ ಕೂತವರು ಸಿ.ವಿ. ರಾಮನ್. ಬೆಳಕಿನ ಚದುರುವಿಕೆಗೆ ನೊಬೆಲ್ ಬರುವುದಕ್ಕೆ ಹತ್ತು ವರ್ಷ ಮೊದಲೇ, 1920ರಲ್ಲಿ, ಅವರೂ ಶಿವಕಾಳಿ ಕುಮಾರ್ ಅವರೂ ಸೇರಿ 'ನೇಚರ್' ಪತ್ರಿಕೆಯಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ಮಾಮೂಲಿ ಡೋಲಿನ ಚರ್ಮ ಬಡಿದರೆ ಏಳುವ ಉಪನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಡೋಲಿನಿಂದ ಬರುವುದು ಸದ್ದು, ಸ್ವರವಲ್ಲ. ಮೃದಂಗ ತಬಲಗಳಲ್ಲಿ ನಡುವಿನ ಭಾರ ಆ ಉಪನಾದಗಳನ್ನು ಎಳೆದು ತಂದು ತಂತಿವಾದ್ಯದ ಹಾಗೆ ಸಾಲಾಗಿ ಕೂರಿಸುತ್ತದೆ. ಮುಂದೆ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ರಾಮನ್ ಇದನ್ನೇ ಇನ್ನೂ ವಿಸ್ತಾರವಾಗಿ ಬರೆದರು. ಮುಚ್ಚಿಗೆಯ ಮೇಲೆ ಮರಳು ಉದುರಿಸಿ, ಬಾರಿಸಿದಾಗ ಅದು ಯಾವ ಗೆರೆಗಳಲ್ಲಿ ಬಂದು ನಿಲ್ಲುತ್ತದೆಂದು ಚಿತ್ರ ಹಿಡಿದರು. ಎಲ್ಲಿ ಎಷ್ಟು ಭಾರ ಇಟ್ಟರೆ ಯಾವ ಕಂಪನ ಅಡಗುತ್ತದೆ ಎಂಬುದನ್ನು ಹೆಸರಿಲ್ಲದ ಎಷ್ಟೋ ತಲೆಮಾರಿನ ಕೈಗಳು ಅನ್ನದ ಕಣಕದಲ್ಲಿ ಕಂಡುಕೊಂಡಿದ್ದವು. ಆ ಕೈಗಳಿಗೆ ಸಲ್ಲಬೇಕಾದ ಗೌರವವನ್ನು ರಾಮನ್ ತಮ್ಮ ಬರಹದಲ್ಲಿ ಮನಸಾರೆ ಸಲ್ಲಿಸಿದ್ದಾರೆ.

ತಂಬೂರಿಯನ್ನೂ ಅವರು ಬಿಡಲಿಲ್ಲ. ಅವರ ಪತ್ನಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು. 1921ರಲ್ಲಿ ಬರೆದ ಇನ್ನೊಂದು ಪ್ರಬಂಧದಲ್ಲಿ ರಾಮನ್ ಹಿಡಿದದ್ದು ವೀಣೆ ತಂಬೂರಿಗಳಲ್ಲಿ ತಂತಿ ಹೊರುವ ಕುದುರೆಯನ್ನು. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಕೆಲವು ಉಪನಾದಗಳು ಹುಟ್ಟಲೇಬಾರದು ಎನ್ನುತ್ತದೆ ಯುರೋಪಿನ ಹಳೆಯ ನಿಯಮ. ತಂಬೂರಿಯಲ್ಲಿ ಅವು ಢಾಳಾಗಿ ಕೇಳುತ್ತವೆ. ಕಾರಣ, ಅಗಲವಾಗಿ ಉಬ್ಬಿದ ಕುದುರೆಯ ಮೈಯನ್ನು ತಂತಿ ಸವರಿಕೊಂಡು ನಡುಗುತ್ತದೆ. ಆ ಸವರುವಿಕೆಯ ಹದಕ್ಕೆಂದೇ ತಂತಿಯ ಕೆಳಗೆ ಒಂದು ನೂಲಿನೆಳೆ ಇಡುತ್ತಾರೆ, ಜೀವಾಳಿ. ಎಳೆಯನ್ನು ಕೂದಲಷ್ಟು ಹಿಂದೆ ಮುಂದೆ ಸರಿಸಿದರೆ ತಂಬೂರಿ ಸಾಯುತ್ತದೆ, ಬದುಕುತ್ತದೆ.

ಬೆಳಿಗ್ಗೆ ಕಿವಿ ಮೋಸಹೋದದ್ದು ಸುಮ್ಮನಲ್ಲ. ತಂತಿ ಕುದುರೆಯನ್ನು ಸವರುವುದೂ, ಸಡಿಲ ಕ್ಲಿಪ್ಪು ತಗಡನ್ನು ಸವರುವುದೂ ಒಂದೇ ಬಗೆಯ ಕ್ರಿಯೆ. ಒಂದನ್ನು ನೂಲಿಟ್ಟು ಕಾಯುತ್ತೇವೆ, ಇನ್ನೊಂದರ ಬಾಯಿಗೆ ಬ್ಯೂಟೈಲ್ ಮೆತ್ತುತ್ತೇವೆ.

ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ತಗಡಿನ ಎಣ್ಣೆ ದೂಳನ್ನು ಸ್ಪಿರಿಟ್ಟಿನಿಂದ ಒರೆಸಿ, ಹೊರ ತಗಡಿನ ಒಳಮೈಗೆ ಹಾಳೆ ಅಂಟಿಸಿ, ಉಬ್ಬು ಉಳಿಯದಂತೆ ಪುಟ್ಟ ರೋಲರಿನಿಂದ ಒತ್ತಿದ. ಒಳ ತಗಡಿನ ದೊಡ್ಡ ತೂತುಗಳನ್ನೂ ಮುಚ್ಚಿದ. ಬಾಗಿಲಿನ ತಳದ ಸಣ್ಣ ಕಂಡಿಗಳ ಹತ್ತಿರ ಮಾತ್ರ ಕೈ ನಿಲ್ಲಿಸಿದ. ಗಾಜಿನ ಪಕ್ಕ ಇಳಿಯುವ ಮಳೆನೀರು ಹರಿದುಹೋಗುವುದು ಅಲ್ಲಿಂದಲೇ. ಅದನ್ನು ಮುಚ್ಚಿದರೆ ಎರಡು ಮಳೆಗಾಲದಲ್ಲಿ ಬಾಗಿಲು ತುಕ್ಕು. ಸ್ಪೀಕರ್ ಕೂರಿಸುವ ಬಳೆಯನ್ನೂ ಮರದ ಹೊಟ್ಟಿನ ಹಲಗೆಯದು ಬೇಡವೆಂದ, ನೀರು ಕುಡಿದು ಉಬ್ಬುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದೇ ಹಾಕಿದ. ವೈರುಗಳಿಗೆ ಸ್ಪಂಜಿನ ಪಟ್ಟಿ ಸುತ್ತಿದ. ಕೊನೆಗೆ ತಗಡು ತಟ್ಟಿದರೆ ಹೆಬ್ಬೆರಳಿನಿಂದ ಕುಂಬಳಕಾಯಿ ತಟ್ಟಿದ ಹಾಗೆ, 'ದಬ್'.

ಆಮೇಲೆ ಅವನು ಮಾಡಿದ್ದು ಬಹಳ ಅಂಗಡಿಗಳವರು ಮಾಡದ ಕೆಲಸ. ಹಳೆಯ ಸ್ಪೀಕರನ್ನೇ ವಾಪಸು ಕೂರಿಸಿ, ಅದೇ ಬಿಲಹರಿ ಹಾಕಿ, ಕೇಳಿ ಎಂದ. ಮೃದಂಗದ ಎಡದ ಗುಂಕಾರ ಮೊದಲ ಸಲ ಕಾರಿನೊಳಗೆ ದುಂಡಗೆ ಬಂದಿತ್ತು. ವ್ಯಾಪಾರದ ದೃಷ್ಟಿಯಿಂದ ಅದು ನಷ್ಟದ ನಡೆ, ಅಲ್ಲಿಗೇ ಸಾಕೆಂದು ಗಿರಾಕಿ ಎದ್ದು ಹೋಗಬಹುದಿತ್ತು. ಅವರು ಹೋಗಲಿಲ್ಲ. ಹಾಡುವವರು ಮಂಡಿಯ ಹತ್ತಿರ ಕೂತು ಹಾಡಿದ ಹಾಗಿದೆ ಎಂಬ ತಕರಾರು ಉಳಿದಿತ್ತು. ಅದಕ್ಕೆ ಆರೂವರೆ ಇಂಚಿನ ಹೊಸ ವೂಫರ್ ಬಾಗಿಲಿಗೂ ಬೇರೆಯ ಟ್ವೀಟರ್ ಕನ್ನಡಿಯ ಹಿಂದಿನ ತ್ರಿಕೋನಕ್ಕೂ ಬಂದವು. ಒಂದೂವರೆ ವೋಲ್ಟಿನ ಸೆಲ್ ಸೋಕಿಸಿ, ಎರಡು ಬಾಗಿಲಿನ ಕೋನೂ ಒಟ್ಟಿಗೆ ಮುಂದಕ್ಕೆ ಉಬ್ಬುತ್ತವೆಯೇ ಎಂದು ನೋಡಿ ವೈರು ಸೇರಿಸಿದ. ಒಂದು ಉಬ್ಬಿ ಇನ್ನೊಂದು ತಗ್ಗಿದರೆ ಮಂದ್ರ ಮತ್ತೆ ಮಾಯ. ಹಾಡು ಈಗ ಕಿವಿಯ ಮಟ್ಟಕ್ಕೆ ಏರಿತು.

ಸ್ಪೀಕರಿಗಿಂತ ಮೊದಲು ಅದು ಕೂರುವ ಗೂಡನ್ನು ನೋಡುವ ಈ ದಾರಿಯನ್ನೇ ದೊಡ್ಡವರೂ ಹಿಡಿದದ್ದು. ಬಂಗಾಳಿ ತಂದೆಯ ಮಗ, ಸ್ಪೀಕರ್ ತಯಾರಕ ಅಮರ್ ಬೋಸ್ ಅಮೆರಿಕದಲ್ಲಿ ಜನರಲ್ ಮೋಟರ್ಸ್ ಜೊತೆ ಸೇರಿ 1983ರ ಮಾದರಿಯ ಕೆಲವು ಕಾರುಗಳಿಗೆ ಸಂಗೀತ ಕೂರಿಸಿದಾಗ, ಸ್ಪೀಕರುಗಳಿಗೆ ಆಯಾ ಕಾರಿನ ಒಳಾಂಗಣವನ್ನೇ ಅಳೆದು ಬೇರೆ ಬೇರೆ ಗೂಡು ಕಟ್ಟಿದ್ದರು.

ಸಂಜೆ ಮನೆ ಮುಂದೆ ಇಳಿದು ಬಾಗಿಲು ಹಾಕಿದರು. ಹಾಕಿದವರು ಅಲ್ಲೇ ನಿಂತರು. ಇಷ್ಟು ವರ್ಷ ಡಬ್ಬದ ಮುಚ್ಚಳದ ಹಾಗೆ ಸದ್ದು ಮಾಡುತ್ತಿದ್ದ ಬಾಗಿಲು ಈಗ ತೂಕವಾಗಿ, ಮೆತ್ತಗೆ ಕೂತಿತ್ತು. ಮತ್ತೆ ತೆಗೆದು ಹಾಕಿದರು. ತೀರ್ಥಹಳ್ಳಿ ಕಡೆಯ ಅಜ್ಜಿಮನೆಯ ಹೆಬ್ಬಾಗಿಲು ಹೀಗೆ ಕೂರುತ್ತಿತ್ತು. ಅದೂ ಹಲಸಿನದು. ಆಷಾಢದ ಮಳೆಗೆ ಉಬ್ಬಿಕೊಂಡರೆ ಅಗುಳಿ ಬೀಳುತ್ತಿರಲಿಲ್ಲ, ಬೇಸಿಗೆಗೆ ಒಣಗಿ ಸಂಜೆಯ ಗಾಳಿಗೆ ಕಟಕಟ ಎನ್ನುತ್ತಿತ್ತು. ಮಲಗುವ ಮುಂಚೆ ಅಜ್ಜಿ ಹಳೇ ಸೀರೆಯ ಚೂರೊಂದನ್ನು ನಾಲ್ಕು ಮಡಿಕೆ ಮಾಡಿ ಬಾಗಿಲಿನ ಸಂದಿಗೆ ತುರುಕುತ್ತಿದ್ದರು. ಬೆಳಿಗ್ಗೆ ತೆಗೆದು ಗೂಟಕ್ಕೆ ಸಿಕ್ಕಿಸುತ್ತಿದ್ದರು. ಆ ಚೂರಿನ ಅಂಚು ಕೆಂಪೋ, ಮಾವಿನ ಹಸಿರೋ? ಕಾರಿನ ಬೀಗ ಹಾಕಿ ಮೆಟ್ಟಿಲು ಹತ್ತುವಾಗ ಅವರು ಅದನ್ನೇ ಜ್ಞಾಪಿಸಿಕೊಳ್ಳುತ್ತಿದ್ದರು.