ಗುಂಡನ ಸಂಡೂರು ಯಾತ್ರೆ

ಬೆಕ್ಕಿಗೂ ಮಧುಮೇಹವೇ ಎಂದು ವಾಚಕರು ನಗಬಹುದು. ಮೊದಲು ನಾವೂ ನಕ್ಕವರೇ. ಹಂಪಿಯನ್ನು ನೋಡಲೆಂದು ದೇಶವಿದೇಶಗಳಿಂದ ಜನರು ಬಂದುಹೋಗುವ ಈ ಸೀಮೆಯಲ್ಲಿ, ಒಂದು ಬಿದಿರಿನ ಬುಟ್ಟಿಯನ್ನು ಹೊತ್ತುಕೊಂಡು ಕಂಪ್ಲಿಯಿಂದ ಹೊಸಪೇಟೆಗೂ ಅಲ್ಲಿಂದ ಸಂಡೂರಿಗೂ ನಾವು ಮಾಡಿದ ಯಾತ್ರೆಯು ಯಾವ ಕ್ಷೇತ್ರಮಾಹಾತ್ಮ್ಯದಲ್ಲಿಯೂ ಸೇರತಕ್ಕುದಲ್ಲ. ಆದರೂ ಮನೆಯಲ್ಲಿ ಒಂದು ಮೂಕಪ್ರಾಣಿಯನ್ನು ಸಾಕಿಕೊಂಡಿರುವವರಿಗೆ ಇದರಿಂದ ಏನಾದರೂ ಪ್ರಯೋಜನವಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ಮನೆಯಿರುವುದು ಕಂಪ್ಲಿಯಲ್ಲಿ. ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ಕಂಪಿಲರಾಯನ ಹೆಸರೂ ಅವನ ಮಗ ಕುಮಾರರಾಮನ ಹೆಸರೂ ಇಂದಿಗೂ ಜನರ ಬಾಯಲ್ಲಿವೆ. 1327ರಲ್ಲಿ ಆ ರಾಜ್ಯವು ದೆಹಲಿಯ ಸೈನ್ಯಕ್ಕೆ ಸೋತು ಅಳಿಯಿತು. ಈಗ ಊರಿಗೆ ಹೆಸರು ತಂದಿರುವುದು ಭತ್ತ. ಎಲ್ಲಿ ನೋಡಿದರಲ್ಲಿ ಗದ್ದೆ, ಗದ್ದೆಯಾಚೆ ಬಾಳೆಯ ತೋಟ, ಊರಂಚಿನಲ್ಲಿ ಅಕ್ಕಿಯ ಗಿರಣಿ. ಗಿರಣಿಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ನಮ್ಮ ಗುಂಡನೂ ಒಂದು ಗಿರಣಿಯ ಗೋಣಿಚೀಲಗಳ ಸಂದಿನಿಂದ ಬಂದವನೇ. ಹನ್ನೊಂದು ವರ್ಷ ನಮ್ಮ ಮನೆಯ ಹಾಲು ಅನ್ನವನ್ನುಂಡು, ಇಲಿಗಳೊಡನೆ ಹಗೆತನವನ್ನು ಮರೆತು, ಹೆಸರಿಗೆ ತಕ್ಕಂತೆ ಗುಂಡಗಾಗಿದ್ದನು.

ಕಳೆದ ವೈಶಾಖದಲ್ಲಿ ಅವನು ನೀರಿನ ತೊಟ್ಟಿಯನ್ನು ಬಿಟ್ಟು ಏಳದಾದನು. ಬಟ್ಟಲು ಬಟ್ಟಲು ಉಣ್ಣುವನು. ಆದರೂ ಬೆನ್ನೆಲುಬು ಕೈಗೆ ಹತ್ತುವಂತಾಯಿತು. ಹಿಂಗಾಲನ್ನು ಬೆರಳ ಮೇಲೆ ಊರದೆ ಹಿಮ್ಮಡಿಯವರೆಗೂ ನೆಲಕ್ಕೆ ತಾಗಿಸಿ ನಡೆಯತೊಡಗಿದನು. ಬೇಸಗೆಯ ಝಳವೆಂದು ನಾವು ಸುಮ್ಮನಿದ್ದೆವು. ಬಚ್ಚಲ ಕಲ್ಲಿನ ಮೇಲೆ ಅವನು ಮೂತ್ರಮಾಡಿದ ಕಡೆ ಇರುವೆಗಳು ಸಾಲುಗಟ್ಟಿದುದನ್ನು ಮೊದಲು ಕಂಡವರು ನಮ್ಮ ಅತ್ತೆಯವರು.

“ನೋಡವ್ವಾ, ಇದಕ್ಕೂ ನನ್ನ ಬ್ಯಾನೀನೇ ಬಂದೈತೆ,” ಎಂದರು.

ಅವರಿಗೆ ಇಪ್ಪತ್ತು ವರ್ಷಗಳಿಂದ ಮಧುಮೇಹ. ಎರಡು ಹೊತ್ತೂ ಇನ್ಸುಲಿನ್ ಚುಚ್ಚಿಸಿಕೊಳ್ಳುವವರು. ಮೂತ್ರಕ್ಕೆ ಇರುವೆ ಮುತ್ತುವುದು ಈ ರೋಗದ ಲಕ್ಷಣವೆಂದು ನಮ್ಮ ಆಯುರ್ವೇದದ ಹಳೆಯ ಗ್ರಂಥಗಳೂ ಹೇಳಿವೆ. ಪುಸ್ತಕವನ್ನು ಓದದ ಅತ್ತೆಯವರು ಅನುಭವದಿಂದಲೇ ಅದನ್ನು ಅರಿತಿದ್ದರು.

ಮರುದಿನವೇ ಗುಂಡನನ್ನು ಬುಟ್ಟಿಯಲ್ಲಿಟ್ಟು, ಮೇಲೆ ಒಂದು ಹಳೆಯ ಪಂಚೆಯನ್ನು ಬಿಗಿದು, ಹೊಸಪೇಟೆಯ ಬಸ್ಸನ್ನು ಹತ್ತಿದೆವು. ಬೇಡವೆಂದರೂ ಕೇಳದೆ ಅತ್ತೆಯವರೂ ಹೊರಟರು. ದಾರಿ ಸುಮಾರು ಮೂವತ್ತು ಕಿಲೋಮೀಟರು. ಆ ದಾರಿಯುದ್ದಕ್ಕೂ ಗುಂಡನು ಮಾಡಿದ ರಾಗಾಲಾಪಕ್ಕೆ ಬಸ್ಸಿನವರೆಲ್ಲರೂ ಶ್ರೋತೃಗಳಾದರು.

ಹೊಸಪೇಟೆಯು ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ಪಟ್ಟಣ. 2021ರಲ್ಲಿ ವಿಜಯನಗರ ಜಿಲ್ಲೆಯು ಬಳ್ಳಾರಿಯಿಂದ ಬೇರೆಯಾದಾಗ ಅದರ ಮುಖ್ಯಸ್ಥಳವೂ ಆಯಿತು. ಅಲ್ಲಿ ನಾವು ಮೊದಲು ಕಂಡ ವೈದ್ಯರು ಕೆಟ್ಟವರೆಂದು ನಾನು ಹೇಳಲಾರೆ. ಅವರ ಬಾಗಿಲಲ್ಲಿ ಎಮ್ಮೆಗಳೂ ಕುರಿಗಳೂ ಕಾದಿದ್ದವು. ಒಂದೊಂದರ ಹಿಂದೆಯೂ ಒಂದೊಂದು ಸಂಸಾರದ ಅನ್ನವಿತ್ತು. ಅವರು ಒಂದು ಹನಿ ರಕ್ತವನ್ನು ಪರೀಕ್ಷಿಸಿ, “ಸಕ್ಕರೆ ಬಹಳವಿದೆ. ವಯಸ್ಸೂ ಆಗಿದೆ. ಎರಡು ಹೊತ್ತು ಸೂಜಿ ಚುಚ್ಚುವುದು ನಿಮ್ಮಿಂದ ಆಗುವ ಮಾತಲ್ಲ. ಬೇರೊಂದು ಮರಿಯನ್ನು ಸಾಕಿಕೊಳ್ಳಿರಿ,” ಎಂದರು. ಬೆಕ್ಕಿಗೆ ಎಷ್ಟು ಬೆಲೆ ಕೊಟ್ಟಿದ್ದಿರಿ ಎಂದು ಪಕ್ಕದಲ್ಲಿದ್ದವರೊಬ್ಬರು ಕೇಳಿದರು. ಅತ್ತೆಯವರು ಉತ್ತರವನ್ನು ಕೊಡದೆ ಬುಟ್ಟಿಯನ್ನು ಎತ್ತಿಕೊಂಡು ಹೊರಟುಬಿಟ್ಟರು.

ಆ ರಾತ್ರಿ ಕಮಲಾಪುರದ ನಂಟರ ಮನೆಯಲ್ಲಿ ತಂಗಿದೆವು. ಹಂಪಿಯ ಅರಮನೆಯ ಆವರಣವು ಅಲ್ಲಿಗೆ ಹತ್ತಿರ. ಬೆಳಗಿನ ತಂಪಿನಲ್ಲಿ, ಮನಸ್ಸಿನ ಬೇಸರವನ್ನು ಕಳೆಯಲೆಂದು, ನಮ್ಮವರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಗಜಶಾಲೆಯ ಹನ್ನೊಂದು ಗುಮ್ಮಟದ ಕೋಣೆಗಳು ಬೆಳಗಿನ ಬಿಸಿಲಿಗೆ ಹೊನ್ನಿನಂತೆ ತೋರಿದವು. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಆನೆ, ಕುದುರೆ, ಒಂಟೆಗಳು ಇಂದಿಗೂ ಸಾಲುಗಟ್ಟಿ ನಡೆದಿವೆ. ಅರಬ್ಬೀ ಕುದುರೆಗಳು ಹಡಗಿನಲ್ಲಿ ಬಂದು ಈ ನಗರದಲ್ಲಿ ಮಾರಾಟವಾಗುತ್ತಿದ್ದವು. ಈ ರಾಜ್ಯದ ವೃತ್ತಾಂತವನ್ನು ಬರೆದಿಟ್ಟ ಪೋರ್ಚುಗೀಸರ ನೂನಿಜನು ತಾನೇ ಕುದುರೆಯ ವ್ಯಾಪಾರಿ. ಪ್ರಾಣಿಗಳ ಚಿಕಿತ್ಸೆಯ ವಿದ್ಯೆಯೂ ನಮ್ಮ ನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಚಾಲುಕ್ಯರ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ಇದನ್ನು ನಮ್ಮವರು ಹೇಳಿದಾಗ ಅತ್ತೆಯವರು, “ಆನೆ ರಾಜ್ಯ ಕಾಯುತ್ತೆ, ಕುದುರೆ ದಂಡಿಗೆ ಹೋಗುತ್ತೆ, ಆಕಳು ಹಾಲು ಕೊಡುತ್ತೆ. ನಮ್ಮ ಗುಂಡ ಏನು ಕೊಡುತ್ತಾನೆ?” ಎಂದರು. ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, “ನಾನು ತಾನೇ ಈಗ ಏನು ಕೊಡುತ್ತೇನೆ?” ಎಂದರು.

ಮಾವನವರು ತೀರಿಕೊಂಡ ವರ್ಷ, ಅತ್ತೆಯವರು ಹಾಸಿಗೆ ಬಿಟ್ಟು ಏಳದಿದ್ದಾಗ, ಅವರ ಕಾಲ ಬಳಿಯಿಂದ ಕದಲದೆ ಮಲಗಿದ್ದವನು ಗುಂಡ. ಆ ಮಾತು ನನಗಾಗ ನೆನಪಾಯಿತು. ಇನ್ನು ಹಿಂದಿರುಗಿ ಹೋಗುವ ಯೋಚನೆಯನ್ನು ಬಿಟ್ಟೆವು.

ನಂಟರ ಆಕಳಿಗೆ ಹಿಂದೊಮ್ಮೆ ಕೆಚ್ಚಲುಬಾವು ಆದಾಗ ಗುಣಪಡಿಸಿದ್ದ ಡಾಕ್ಟರಮ್ಮನವರೊಬ್ಬರು ಈಗ ಸಂಡೂರಿನಲ್ಲಿ ಇರುವರೆಂದು ತಿಳಿಯಿತು. ಹೊಸಪೇಟೆಯಿಂದ ಸಂಡೂರಿಗೂ ಸುಮಾರು ಮೂವತ್ತು ಕಿಲೋಮೀಟರು. ಬಯಲು ಮುಗಿದು ಬೆಟ್ಟಗಳು ಎದುರಾಗುತ್ತವೆ. ಅದಿರಿನ ಲಾರಿಗಳು ಎಬ್ಬಿಸಿದ ಧೂಳಿನಿಂದ ದಾರಿಬದಿಯ ಎಲೆಗಳೂ ಕೆಂಪಾಗಿರುತ್ತವೆ. ಆದರೆ ಬೆಟ್ಟಗಳ ನಡುವಿನ ಕಣಿವೆಯನ್ನು ಹೊಕ್ಕರೆ ಬಳ್ಳಾರಿಯ ಸೀಮೆಯಲ್ಲಿ ಇಂತಹ ಹಸುರೂ ಉಂಟೇ ಎನಿಸುತ್ತದೆ. 1949ರ ವರೆಗೆ ಇದು ಘೋರ್ಪಡೆ ಮನೆತನದವರ ಸಣ್ಣ ಸಂಸ್ಥಾನವಾಗಿತ್ತು. ಬೆಟ್ಟದ ಮೇಲಿನ ಕಾಡಿನಲ್ಲಿ ಕುಮಾರಸ್ವಾಮಿಯ ಪುರಾತನ ದೇವಾಲಯವಿದೆ. ಅತ್ತೆಯವರು ಬುಟ್ಟಿಯ ಮೇಲೆ ಕೈಯಿಟ್ಟುಕೊಂಡೇ ಅತ್ತ ಮುಖಮಾಡಿ ನಮಸ್ಕರಿಸಿದರು.

ಡಾಕ್ಟರಮ್ಮನವರಿಗೆ ಮೂವತ್ತರ ವಯಸ್ಸಿರಬಹುದು. ಒಂದು ಆಡಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಕೈತೊಳೆದು ಬಂದು, ಬುಟ್ಟಿಯ ಬಟ್ಟೆಯನ್ನು ಬಿಚ್ಚಿ, ಗುಂಡನನ್ನು ಕೂಡಲೇ ಮುಟ್ಟದೆ ಅವನು ತಾನಾಗಿ ತಲೆಯೆತ್ತುವವರೆಗೆ ಕಾದರು. ಎಲ್ಲವನ್ನೂ ಕೇಳಿದ ಮೇಲೆ, “ಅಮ್ಮಾ, ಬೆಕ್ಕಿನ ಮಧುಮೇಹವನ್ನು ನಾನು ಪುಸ್ತಕದಲ್ಲಿ ಓದಿರುವೆನೇ ಹೊರತು ಕೈಯಾರೆ ನೋಡಿಕೊಂಡಿಲ್ಲ. ನಮ್ಮ ಗುರುಗಳನ್ನು ಕೇಳಿ ಕಲಿತು ಮಾಡುತ್ತೇನೆ. ನೀವು ಪ್ರತಿದಿನವೂ ಲೆಕ್ಕ ಬರೆದಿಡುವುದಾದರೆ ಇಬ್ಬರೂ ಸೇರಿ ನೋಡೋಣ,” ಎಂದರು. ತನಗೆ ತಿಳಿಯದುದನ್ನು ತಿಳಿಯದೆಂದು ಹೇಳಿದ ಆ ಒಂದು ಮಾತಿನಿಂದಲೇ ನಮಗೆ ನಂಬಿಕೆ ಹುಟ್ಟಿತು. ಅವರು ನಮ್ಮೆದುರಿಗೇ ತಮ್ಮ ಗುರುಗಳಿಗೆ ಫೋನು ಮಾಡಿದರು.

ಅಂದು ಅವರಿಂದ ನಾವು ತಿಳಿದುದು ಬಹಳ. ಹೆದರಿದ ಬೆಕ್ಕಿನ ರಕ್ತದಲ್ಲಿ ರೋಗವಿಲ್ಲದೆಯೂ ಸಕ್ಕರೆ ಏರುವುದುಂಟು. ಬಸ್ಸಿನಲ್ಲಿ ಕೂಗುತ್ತ ಬಂದ ಬೆಕ್ಕನ್ನು ಒಮ್ಮೆ ಪರೀಕ್ಷಿಸಿ ನಿರ್ಣಯಿಸಬಾರದು. ಆದುದರಿಂದ ಮೂತ್ರವನ್ನೂ ನೋಡಿ, ಕೆಲವು ವಾರಗಳ ಸಕ್ಕರೆಯ ಮಟ್ಟವನ್ನು ತಿಳಿಸುವ ಬೇರೊಂದು ರಕ್ತಪರೀಕ್ಷೆಗೂ ಕಳುಹಿಸಿ, ರೋಗವನ್ನು ಖಚಿತಪಡಿಸಿಕೊಂಡರು. ಮುಂದೆ ಮನೆಯಲ್ಲಿಯೇ ಕಿವಿಯ ಅಂಚಿನಿಂದ ಒಂದು ಹನಿ ರಕ್ತವನ್ನು ತೆಗೆದು ನೋಡುವುದನ್ನು ನನಗೆ ಕಲಿಸಿದರು. ವಯಸ್ಸಾದ, ಮೈಬಂದ, ಬೀಜ ತೆಗೆಯಿಸಿದ ಗಂಡುಬೆಕ್ಕುಗಳಿಗೆ ಈ ರೋಗವು ಹೆಚ್ಚು. ಮೊದಲಲ್ಲಿಯೇ ಹಿಡಿದು ಚಿಕಿತ್ಸೆ ಮಾಡಿದರೆ ಕೆಲವು ಬೆಕ್ಕುಗಳಿಗೆ ಸೂಜಿಯು ಬೇಡವಾಗುವಷ್ಟು ಗುಣವೂ ಕಾಣುವುದಂತೆ.

“ನಾವು ಇವನಿಗೆ ಸಿಹಿಯನ್ನೇ ಕೊಟ್ಟಿಲ್ಲವಲ್ಲ,” ಎಂದೆ ನಾನು.

“ಕೊಟ್ಟರೂ ಅವನಿಗೆ ರುಚಿ ತಿಳಿಯದು,” ಎಂದು ಅವರು ನಕ್ಕರು. ಬೆಕ್ಕಿನ ನಾಲಿಗೆಗೆ ಸಿಹಿಯ ಅರಿವೇ ಇಲ್ಲ. ಅದರ ಕಾರಣವನ್ನು 2005ರಲ್ಲಿ ವಿಜ್ಞಾನಿಗಳು ಕಂಡುಹಿಡಿದರಂತೆ. “ಆದರೆ ಅನ್ನವೂ ಒಳಗೆ ಹೋಗಿ ಸಕ್ಕರೆಯೇ ಆಗುತ್ತದೆ. ಬೆಕ್ಕು ಮಾಂಸವನ್ನು ತಿಂದೇ ಬದುಕತಕ್ಕ ಪ್ರಾಣಿ. ಹಾಲು ಅನ್ನವನ್ನು ನಿಲ್ಲಿಸಬೇಕು. ಮೀನು, ಕೋಳಿ, ಮೊಟ್ಟೆ ಕೊಡಬೇಕು.”

ನಮ್ಮ ಮನೆಯು ಮಡಿಯ ಮನೆ. ಅತ್ತೆಯವರ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಅವರು ಬೇರೆಯೇ ಒಂದು ಪ್ರಶ್ನೆಯನ್ನು ಕೇಳಿದರು: “ನಾನು ಚುಚ್ಚಿಕೊಳ್ಳುವ ಔಷಧವೇ ಇವನಿಗೂ ಆಗುತ್ತದೆಯೇ, ಡಾಕ್ಟರಮ್ಮಾ?”

ಆಗ ಅವರು ಹೇಳಿದ ಕಥೆಯನ್ನು ಅತ್ತೆಯವರು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನನ್ನು ಮೊದಲು ಪರೀಕ್ಷಿಸಿದುದು ನಾಯಿಗಳ ಮೇಲೆ. ಮರುವರ್ಷ ಅದು ಮನುಷ್ಯರಿಗೆ ಬಂದಿತು. ಅಂದಿನಿಂದ ಅರುವತ್ತು ವರ್ಷಗಳ ಕಾಲ ಮನುಷ್ಯರು ಚುಚ್ಚಿಕೊಂಡುದು ದನ ಮತ್ತು ಹಂದಿಗಳ ದೇಹದಿಂದ ತೆಗೆದ ಇನ್ಸುಲಿನನ್ನೇ. “ಹಾಗಾದರೆ ನನ್ನ ಸೂಜಿಯು ಮೊದಲು ಮೂಕಪ್ರಾಣಿಗಳಿಂದಲೇ ಬಂದುದು,” ಎಂದರು ಅತ್ತೆಯವರು. ಕಂಪ್ಲಿಗೆ ಬರುವವರೆಗೂ ಮತ್ತೆ ಮಾತನಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಎದ್ದು ನೋಡುವಷ್ಟರಲ್ಲಿ ಹಿತ್ತಲಿನ ಬೇವಿನ ಮರದಡಿ ಮೂರು ಕಲ್ಲುಗಳ ಒಲೆಯೊಂದು ಎದ್ದಿತ್ತು. ಮೇಲೆ ಒಂದು ಹಳೆಯ ಪಾತ್ರೆ. “ಅಡಿಗೆಮನೆಗೆ ತರಬೇಡಿ, ಇಲ್ಲೇ ಬೇಯಿಸಿರಿ,” ಎಂದು ಹೇಳಿ ಅವರು ಸ್ನಾನಕ್ಕೆ ಹೋದರು. ಅಂದಿನಿಂದ ಹೊಳೆಯ ಅಂಬಿಗರು ತರುವ ಮೀನು ಉಪ್ಪು ಈರುಳ್ಳಿಗಳಿಲ್ಲದೆ, ಮುಳ್ಳು ತೆಗೆದು, ಗುಂಡನ ಬಟ್ಟಲಿಗೆ ಬೀಳುತ್ತಿದೆ. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿಗೆ ವಿಷವೆಂಬುದನ್ನು ಓದುವವರು ನೆನಪಿಡಬೇಕು.

ಎಲ್ಲವೂ ಸುಗಮವಾಯಿತೆಂದರೆ ಸುಳ್ಳಾದೀತು. ಎಂಟನೆಯ ದಿನ ನನ್ನಿಂದಲೇ ಒಂದು ದೊಡ್ಡ ತಪ್ಪು ನಡೆಯಿತು. ದೀಪ ಹಚ್ಚುವ ಹೊತ್ತಿನಲ್ಲಿ ಗುಂಡನಿಗೆ ಒಂದು ಯೂನಿಟ್ಟು ಕೊಟ್ಟೆ. ಕೆಲವು ಗಂಟೆಗಳಲ್ಲಿ ಅವನು ತೂರಾಡಿ, ಗೋಡೆಗೆ ಹಾಯ್ದು, ಬಿದ್ದುಬಿಟ್ಟನು. ಕಿವಿಯ ಹನಿಯನ್ನು ನೋಡಿದರೆ ಸಕ್ಕರೆಯು ನಲವತ್ತಕ್ಕಿಂತ ಕಡಮೆ. ನಡುಗುವ ಕೈಯಿಂದ ಸಂಡೂರಿಗೆ ಫೋನು ಮಾಡಿದೆ.

“ಒಸಡಿಗೆ ಜೇನು ಸವರಿರಿ. ಬಾಯೊಳಗೆ ಸುರಿಯಬೇಡಿ, ಉಸಿರು ಕಟ್ಟೀತು. ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿರಿ. ಸೆಳವು ಬಂದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಓಡಿರಿ,” ಎಂದರು. ಗುಂಡನು ತಲೆಯೆತ್ತಿದ ಮೇಲೆ, “ಯಾವ ಸಿರಿಂಜಿನಿಂದ ಕೊಟ್ಟಿರಿ? ಟೊಪ್ಪಿಗೆಯ ಬಣ್ಣ ಯಾವುದು?” ಎಂದು ಕೇಳಿದರು.

“ಕೆಂಪು,” ಎಂದೆ. ಹೇಳುತ್ತಿರುವಾಗಲೇ ನನಗೆ ತಿಳಿಯಿತು.

ಅತ್ತೆಯವರ ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು. ಅದರ ಸಿರಿಂಜಿಗೆ ಕೆಂಪು ಟೊಪ್ಪಿಗೆ. ಗುಂಡನದು 100 ಯೂನಿಟ್ಟಿನದು. ಅದಕ್ಕೆ ಕಿತ್ತಳೆ ಬಣ್ಣದ ಟೊಪ್ಪಿಗೆ. ಕೆಂಪಿನದರಲ್ಲಿ ಒಂದರ ಗೆರೆಯವರೆಗೆ ಇವನ ಔಷಧವನ್ನು ಎಳೆದರೆ ಒಳಕ್ಕೆ ಹೋಗುವುದು ಒಂದಲ್ಲ, ಎರಡೂವರೆ. ಡಾಕ್ಟರಮ್ಮನವರು ನನ್ನನ್ನು ಗದರಿಸಲಿಲ್ಲ. ನಡುರಾತ್ರಿಯ ಮೇಲೂ ಎರಡು ಸಲ ತಾವಾಗಿ ಫೋನು ಮಾಡಿ ವಿಚಾರಿಸಿದರು. ಬೆಳಿಗ್ಗೆ ಕರೆಸಿಕೊಂಡು ನೋಡಿದರು. “ನೀವು ಮುಚ್ಚಿಡದೆ ಹೇಳಿದಿರಿ, ಅದರಿಂದ ಕಾರಣ ತಿಳಿಯಿತು. ಲೆಕ್ಕದ ಪುಸ್ತಕದಲ್ಲಿ ಇದನ್ನೂ ಬರೆಯಿರಿ,” ಎಂದಷ್ಟೇ ಹೇಳಿದರು. ಗದರಿಸುವವರಾಗಿದ್ದರೆ ಆ ರಾತ್ರಿ ನಾನು ಅವರಿಗೆ ಫೋನು ಮಾಡಲು ಅಂಜುತ್ತಿದ್ದೆನೋ ಏನೋ.

ಈಗ ಕಾರ್ತಿಕಮಾಸ. ಬೇಸಗೆಯಲ್ಲಿ ವಿದ್ಯುತ್ತು ಹೋದಾಗ ಔಷಧವನ್ನು ತಂಪಾಗಿಡಲು ಹೂಡಿದ್ದ ಒದ್ದೆಮರಳಿನ ಮಡಕೆಗಳು ಅಟ್ಟವನ್ನು ಸೇರಿವೆ. ಗುಂಡನು ಮೊದಲಿನಂತೆ ಬೆರಳ ಮೇಲೆ ನಡೆಯುತ್ತಾನೆ. ಔಷಧದ ಪ್ರಮಾಣವು ಅರ್ಧ ಯೂನಿಟ್ಟಿಗೆ ಇಳಿದಿದೆ. ಇಳಿಸಿದವರು ಡಾಕ್ಟರಮ್ಮನವರು, ನಾವಲ್ಲ. ಪೂರ್ತಿ ನಿಲ್ಲುವುದೋ ಇಲ್ಲವೋ ಅವರೂ ಹೇಳಿಲ್ಲ. ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕವನ್ನು ಹಿಡಿದು ಸಂಡೂರಿಗೆ ಹೋಗುತ್ತೇವೆ. ಪುಸ್ತಕವೇ ಸಾಕಾದಾಗ ಗುಂಡನಿಗೆ ಬುಟ್ಟಿಯ ಸೆರೆ ತಪ್ಪುತ್ತದೆ.

ಸಂಜೆ ಮನೆಯಲ್ಲಿ ಎರಡು ಡಬ್ಬಿಗಳನ್ನು ತೆರೆಯುತ್ತೇವೆ. ಗುಂಡನ ಡಬ್ಬಿಗೆ ಅತ್ತೆಯವರು ಅರಿಸಿನದ ದಾರವನ್ನು ಕಟ್ಟಿದ್ದಾರೆ. ಮೊದಲು ತಮಗೆ ಚುಚ್ಚಿಸಿಕೊಂಡು, ಆಮೇಲೆ ಗುಂಡನನ್ನು ತೊಡೆಯ ಮೇಲೆ ಎತ್ತಿಕೊಂಡು, “ನಿನ್ನ ಪಾಳಿ ಬಂತಪ್ಪಾ,” ಎನ್ನುತ್ತಾರೆ. ಅವನು ಬಾಲವನ್ನು ಒಮ್ಮೆ ಬೀಸಿ, ಬಟ್ಟಲ ಕಡೆ ನೋಡುತ್ತ ಸುಮ್ಮನಿರುತ್ತಾನೆ.