ಪೊರೆ ಬಿಡುವವರ ಕೋಣೆ

ಬೆಳಿಗ್ಗೆ ಆರಕ್ಕೆ ಸರಿಯಾಗಿ ಮೋಟರು ಗುರ್ರೆಂದಿತು. ಪಂಜರದ ಮೇಲಿನ ಕೊಳವೆಗಳಿಂದ ಸುಯ್ಯನೆ ತುಂತುರು ಇಳಿದು ಎಲೆಗಳ ಮೇಲೆಲ್ಲ ಹನಿ ಕಟ್ಟಿತು. ಈ ಉಪಚಾರ ನನಗಲ್ಲ. ನಾನು ಪಕ್ಕದ ಮಂಚದ ಮೇಲೆ ಕಂಬಳಿಯೊಳಗೆ ಮುದುಡಿಕೊಂಡಿದ್ದೆ. ಮಿಷಿಗನ್ನಿನ ಜನವರಿ. ಹೊರಗೆ ಹಿಮ, ಒಳಗೆ ಹೀಟರಿನ ಒಣ ಗಾಳಿ. ಮೊಣಕಾಲ ಕೆಳಗೆ ಚರ್ಮ ಬಿರುಕು ಬಿಟ್ಟು, ಕಂಬಳಿ ಕೊಡವಿದರೆ ಹೊಟ್ಟು ಹಾರುತ್ತದೆ. ಪಂಜರದೊಳಗಿನ ತೇವ ಅಳೆಯಲು ಒಂದು ಮಾಪಕ ನೇತುಹಾಕಿದ್ದಾರೆ. ಹೊರಗಿರುವವನ ತೇವ ಕೇಳುವವರಿಲ್ಲ.

ಮಗಳ ಮನೆಯಲ್ಲಿ ನಮಗೆ ಕೊಟ್ಟಿರುವುದು ಅತಿಥಿಗಳ ಕೋಣೆ ಅಂತ ಹೆಸರಿಗೆ. ಅದರ ಖಾಯಂ ನಿವಾಸಿ ಬೇರೆ: ಯೆಮೆನ್ ಮೂಲದ ಗಂಡು ಊಸರವಳ್ಳಿ, ನೆತ್ತಿಯ ಮೇಲೆ ಎತ್ತರದ ಶಿಖೆ, ಹೆಸರು ಪೆಸ್ಟೊ. ಮೊಮ್ಮಗಳ ನಾಮಕರಣ. ನಮ್ಮ ಕಡೆಯ ಬೇಲಿಗಳಲ್ಲಿ ತೂಗಾಡುವ ಗೋಸುಂಬೆಯನ್ನು ಹಿಡಿದು ಮನೆಯಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆ ಬಾಗಿಲು ತಟ್ಟುತ್ತದೆ. ಇಲ್ಲಿ ಅದರ ದೂರದ ದಾಯಾದಿಗೆ ಕೋಣೆ ಕೊಡುತ್ತಾರೆ. ಅದಕ್ಕೆ ದಿನಕ್ಕೆ ಹನ್ನೆರಡು ತಾಸು ಗಟ್ಟಿ ಕತ್ತಲೆ ಬೇಕಂತೆ. ಹಾಗಾಗಿ ಎಂಟಾಯಿತೆಂದರೆ ದೀಪ ಬಂದ್, ನನ್ನ ಓದೂ ಬಂದ್. ಅದು ಬಿಳಿಚಿಕೊಂಡು, ಬಾಲವನ್ನು ಸುರುಳಿ ಸುತ್ತಿಕೊಂಡು ಸುಖವಾಗಿ ನಿದ್ದೆ ಹೋಗುತ್ತದೆ.

ಬಣ್ಣದ ಬಗ್ಗೆ, ರಾಜಕಾರಣಿಗಳ ಬಗ್ಗೆ ನನ್ನಿಂದ ಏನೂ ನಿರೀಕ್ಷಿಸಬೇಡಿ. ಅದು ಕೂತ ಜಾಗಕ್ಕೆ ಹೊಂದಿಕೊಳ್ಳಲೆಂದು ಬಣ್ಣ ಬದಲಿಸುತ್ತದೆ ಅನ್ನುವುದು ಹಳೆಯ ನಂಬಿಕೆ. ಸಿಟ್ಟು, ಭಯ, ಚಳಿ, ಎದುರಾಳಿ, ಹೆಣ್ಣು, ಇವೇ ಅದರ ಕಾರಣಗಳು. ಮಡಗಾಸ್ಕರಿನ ಪ್ಯಾಂಥರ್ ಊಸರವಳ್ಳಿಯ ಚರ್ಮದೊಳಗಿನ ಸೂಕ್ಷ್ಮ ಹರಳುಗಳು ಹತ್ತಿರ ದೂರ ಸರಿದಂತೆ ಬಣ್ಣ ಬದಲಾಗುತ್ತದೆಂದು ಜಿನೀವಾದ ವಿಜ್ಞಾನಿಗಳು 2015ರಲ್ಲೇ ತೋರಿಸಿಕೊಟ್ಟಿದ್ದಾರೆ. ಅಲ್ಲಿಗೆ ಆ ಮಾತು ಮುಗಿಯಿತು.

ಇವತ್ತು ಪೆಸ್ಟೊ ಪೊರೆ ಬಿಡುತ್ತಿತ್ತು. ನಿನ್ನೆಯೇ ಮೈ ಮಂಕಾಗಿ, ಹುಳುವನ್ನು ನೋಡಿಯೂ ನೋಡದ ಹಾಗೆ ಕೂತಿತ್ತು. ಬೆಳಗಾಗುವಷ್ಟರಲ್ಲಿ ಬೂದು ಬಿಳುಪು ಇಡೀ ಮೈಗೆ ಹರಡಿತ್ತು. ಹಾವಾದರೆ ಬಾಯಿಯಿಂದ ಬಾಲದ ತುದಿಯವರೆಗೆ ಇಡಿಯಾಗಿ ಕಳಚಿ ಹೋಗುತ್ತದೆ. ಇದರ ಕಾರುಬಾರು ಚೂರುಚೂರು. ಬೆನ್ನ ಮೇಲೆ ಬಿರಿದ ಪೊರೆ ಪಕ್ಕೆಯಲ್ಲಿ ಅರ್ಧ ಎದ್ದು ನಿಂತಿತ್ತು. ಮೊಣಕೈಯಿಂದೊಂದು ಚಿಂದಿ ಜೋತಾಡುತ್ತಿತ್ತು. ಕೆಳಗಿನಿಂದ ಹೊಸ ಹಸಿರು ಇಣುಕುತ್ತಿತ್ತು. ಕೆನ್ನೆಯನ್ನು ಕೊಂಬೆಗೆ ತಿಕ್ಕುತ್ತದೆ, ಸ್ವಲ್ಪ ಹೊತ್ತು ಯೋಚಿಸುತ್ತದೆ, ಮತ್ತೆ ತಿಕ್ಕುತ್ತದೆ. ಕಣ್ಣಿನದಂತೂ ನೋಡಬೇಕು. ರೆಪ್ಪೆ ಕಣ್ಣುಗುಡ್ಡೆಯನ್ನೆಲ್ಲ ಮುಚ್ಚಿ ನಡುವೆ ಸಣ್ಣ ಕಿಂಡಿಯಷ್ಟೇ ಉಳಿದಿರುತ್ತದಲ್ಲ, ಆ ರೆಪ್ಪೆಯೂ ಪೊರೆ ಬಿಡಬೇಕು. ಅದಕ್ಕಾಗಿ ಕಣ್ಣನ್ನೇ ಉಬ್ಬಿಸಿ, ಗರಗರ ತಿರುಗಿಸಿ, ಪೊರೆಯನ್ನು ಸಡಿಲಿಸುತ್ತದೆ. ಒಂದು ಕಣ್ಣು ಈ ಕೆಲಸದಲ್ಲಿದ್ದಾಗ ಇನ್ನೊಂದು ನನ್ನ ಕಡೆಗೇ ಇತ್ತು.

ಜೋತಾಡುವ ಚಿಂದಿ ಕಂಡರೆ ಯಾರಿಗೆ ತಾನೇ ಕೈ ಸುಮ್ಮನಿದ್ದೀತು? ಎಳೆಯಕೂಡದು ಎಂದು ಅಳಿಯನ ಕಟ್ಟಪ್ಪಣೆ. ಬಲಿಯದ ಹೊಸ ಚರ್ಮ ಕಿತ್ತು ಬರುತ್ತದಂತೆ. ಬೆರಳ ಸಂದಿಯಲ್ಲೋ ಬಾಲದ ತುದಿಯಲ್ಲೋ ಪೊರೆ ಸುತ್ತಿಕೊಂಡು ಉಳಿದರೆ ಮಾತ್ರ ಚಿಂತೆ. ಅದು ಒಣಗಿ ಬಿಗಿದು, ರಕ್ತ ಹರಿಯದೆ, ಬೆರಳೇ ಸತ್ತುಹೋಗಬಹುದು. ಅದಕ್ಕೂ ಮದ್ದು ತುಂತುರೇ, ಇನ್ನಷ್ಟು ತುಂತುರು. ಬಗ್ಗದಿದ್ದರೆ ಡಾಕ್ಟರು. "ಒಂದು ತೊಟ್ಟು ಹರಳೆಣ್ಣೆ ಸವರಿದರೆ ತಾನಾಗಿ ಜಾರುತ್ತದಪ್ಪ" ಅಂದಳು ನನ್ನ ಹೆಂಡತಿ. ಅಳಿಯ ಕಾಫಿ ಲೋಟ ಹಿಡಿದುಕೊಂಡೇ ಪಂಜರಕ್ಕೆ ಅಡ್ಡ ನಿಂತ.

ಊಸರವಳ್ಳಿಗೆ ಬೇಡ, ಒಪ್ಪಿದೆ. ಆದರೆ ಹರಳೆಣ್ಣೆಯ ಹೆಸರೆತ್ತಿದ ಮೇಲೆ ನನ್ನನ್ನು ತಡೆಯುವುದು ಕಷ್ಟ. ಈ ದೇಶದಲ್ಲಿ ಎಲ್ಲ ಇದೆ, ಅಭ್ಯಂಜನ ಒಂದಿಲ್ಲ. ನೆತ್ತಿಗೆ ಹರಳೆಣ್ಣೆ, ಮೈಗೆ ಕೊಬ್ಬರಿ ಎಣ್ಣೆ, ಅಂಗಳದ ಬಿಸಿಲಲ್ಲಿ ಅರ್ಧ ಗಂಟೆ. ಆಮೇಲೆ ಬಚ್ಚಲಲ್ಲಿ ಸೀಗೆಪುಡಿಯ ಘಾಟು, ಚಿಗರೆಪುಡಿಯ ಲೋಳೆ, ಹಂಡೆಯಿಂದ ಮೊಗೆಮೊಗೆದು ನೀರು. ಶಾಂಪೂ ಹಾಕಿದರೆ ಎಣ್ಣೆ ಹೋಗುತ್ತದೆ. ಸೀಗೆ ಹಾಕಿದರೆ ಹೋಗಬೇಕಾದ ಎಣ್ಣೆ ಮಾತ್ರ ಹೋಗುತ್ತದೆ. ಇದನ್ನು ಅಲ್ಲಗಳೆಯುವವರ ಜೊತೆ ನನಗೆ ಮಾತಿಲ್ಲ. ದೀಪಾವಳಿಗೆ ಮುನ್ನ ಹಂಡೆ ತಿಕ್ಕಿ ತೊಳೆದು ನೀರು ತುಂಬುವುದನ್ನೇ ಒಂದು ಹಬ್ಬ ಮಾಡಿಕೊಂಡ ಜನ ನಾವು. ಇಲ್ಲಿಯ ತೊಟ್ಟಿಯಲ್ಲಿ ಎಣ್ಣೆ ಮೈಯವನು ನಿಂತರೆ ಮೂಳೆ ಮುರಿಯುವುದು ಖಂಡಿತ. ಹೊರಗೆ ಕಾಲಿಟ್ಟರೆ ಕಾರ್ಪೆಟ್ಟಿನ ಮೇಲೆ ಹೆಜ್ಜೆ ಮೂಡುತ್ತದೆಂದು ಮಗಳ ಗೋಳು. ಮಗು ಹುಟ್ಟಿದಾಗ ಬಾಣಂತಿಗೆ ಎಣ್ಣೆನೀರು ಹಾಕಲೆಂದೇ ಸಮುದ್ರ ದಾಟಿ ಬರುವ ಅಮ್ಮಂದಿರಿದ್ದಾರೆ. ಅಪ್ಪನ ಎಣ್ಣೆನೀರಿಗೆ ಯಾರೂ ವೀಸಾ ಕೊಡಿಸುವುದಿಲ್ಲ.

ಮೂಳೆ ಅಂದೆನಲ್ಲ, ಪಂಜರದ ಜೀವಕ್ಕೂ ದೊಡ್ಡ ಗಂಡಾಂತರ ಅದೇ. ಸುಣ್ಣದ ಅಂಶ ಸಾಲದಿದ್ದರೆ, ಅಥವಾ ಅದನ್ನು ಅರಗಿಸಿಕೊಳ್ಳಲು ಬೇಕಾದ ಡಿ ವಿಟಮಿನ್ ಮೈಯಲ್ಲಿ ತಯಾರಾಗದಿದ್ದರೆ, ಕಾಲು ಬಿಲ್ಲಾಗುತ್ತದೆ, ದವಡೆ ಮೆತ್ತಗಾಗುತ್ತದೆ, ಕೊಂಬೆಯ ಮೇಲಿನ ಹಿಡಿತ ತಪ್ಪುತ್ತದೆ. ಅದಕ್ಕೆಂದೇ ಯುವಿಬಿ ಕಿರಣ ಬೀರುವ ಕೊಳವೆ ದೀಪ. ಈ ದೀಪ ಭಾರಿ ಮೋಸಗಾರ. ವರ್ಷದೊಳಗೆ ಅದರ ಕಿರಣ ಕುಗ್ಗಿಹೋಗುತ್ತದೆ, ಬೆಳಕು ಮಾತ್ರ ಉರಿಯುತ್ತಲೇ ಇರುತ್ತದೆ. ಅಳಿಯ ಅದರ ಬುಡದಲ್ಲಿ ಹಾಕಿದ ತಾರೀಕು ಬರೆದಿಟ್ಟಿದ್ದಾನೆ. ಪಂಜರವನ್ನು ಕಿಟಕಿಯ ಹತ್ತಿರ ಇಟ್ಟರೆ ಸಾಲದೇ ಎಂದು ಕೇಳಿದ್ದಕ್ಕೆ, ಗಾಜು ಆ ಕಿರಣವನ್ನು ತಡೆಯುತ್ತದೆ ಅಂದ. ಆ ಹೊತ್ತಿಗೆ ನಾನು ಡಾಕ್ಟರ ಸಲಹೆಯಂತೆ ಡಿ ವಿಟಮಿನ್ನಿಗಾಗಿ ಮುಚ್ಚಿದ ಕಿಟಕಿಯೆದುರು ಬೆನ್ನು ಬಿಟ್ಟುಕೊಂಡು ಕೂತಿದ್ದೆ. ಅದನ್ನು ನೋಡಿಯೂ ಅವನು ಏನೂ ಅನ್ನಲಿಲ್ಲ. ಒಳ್ಳೆಯ ಹುಡುಗ.

ಮೊಮ್ಮಗಳದು ಬೇರೆ ಖಾತೆ: ಹಿಕ್ಕೆ ತಪಾಸಣೆ. ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಬೆಳ್ಳಗೇ ಇರಬೇಕು. ಕಿತ್ತಳೆಗೆ ತಿರುಗಿದರೆ ನೀರು ಸಾಲದು ಎಂದು ಅರ್ಥ. ಕಣ್ಣು ಗುಳಿ ಬಿದ್ದರೂ ಅದೇ. ಬಟ್ಟಲಲ್ಲಿ ನಿಂತ ನೀರನ್ನು ಇದು ಸಾಮಾನ್ಯವಾಗಿ ಮೂಸುವುದಿಲ್ಲ, ಎಲೆಯ ಮೇಲಿನ ಹನಿಯನ್ನೇ ನೆಕ್ಕಬೇಕು. ಬಾಯಿ ತೆರೆದುಕೊಂಡೇ ಕೂತು ಉಸಿರಿಗೆ ಎಳೆದಾಡಿದರೆ ಶ್ವಾಸಕೋಶದ ಸೋಂಕಿರಬಹುದು. ಕಷ್ಟವೇನೆಂದರೆ, ಜಾತಿಗೆ ಜಾತಿಯೇ ಕಾಯಿಲೆ ಬಚ್ಚಿಡುವಂಥದ್ದು. ಕಾಡಿನಲ್ಲಿ ಸೊರಗಿದ್ದು ಕಂಡರೆ ಹದ್ದು ಬಿಡುತ್ತದೆಯೇ? ನಮ್ಮ ಮನೆಯಲ್ಲಿ ಎಲ್ಲರಿಗೂ ಕಾಣಲೆಂದೇ ಕೆಮ್ಮುವವರಿದ್ದಾರೆ.

ಊಸರವಳ್ಳಿ ಗಾಳಿ ತಿಂದು ಬದುಕುತ್ತದೆಂದು ರೋಮಿನ ಪ್ಲಿನಿ ಬರೆದಿಟ್ಟ. ಶೇಕ್ಸ್‌ಪಿಯರನೂ ಅದನ್ನೇ ನಂಬಿದಂತೆ ಹ್ಯಾಮ್ಲೆಟನ ಬಾಯಲ್ಲಿ ಆಡಿಸಿದ. ಇಬ್ಬರನ್ನೂ ನಮ್ಮ ಅಡುಗೆಮನೆಗೆ ಕರೆಸಬೇಕು. ಮೂರು ತಲೆಮಾರಿನಿಂದ ಮೊಟ್ಟೆ ಒಳಗೆ ಬಾರದ ಮನೆತನ. ಈಗ ಅಲ್ಲೇ ಪಕ್ಕದಲ್ಲಿ, ಮೊಟ್ಟೆಯ ರಟ್ಟಿನ ತಟ್ಟೆಗಳ ನಡುವೆ, ಜೀವಂತ ಚಿಮ್ಮಂಡೆಗಳ ಡಬ್ಬಿ. ರಾತ್ರಿಯಿಡೀ ಕಿರ್ರೋ ಎನ್ನುತ್ತವೆ. ತಿನ್ನಿಸುವ ಮುಂಚೆ ಅವನ್ನು ಸಕ್ಕರೆಯಲ್ಲಿ ಉಂಡೆ ಹೊರಳಿಸಿದ ಹಾಗೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸುತ್ತಾರೆ. ಅದಕ್ಕೂ ಮುಂಚೆ ಒಂದು ದಿನ ಚಿಮ್ಮಂಡೆಗಳಿಗೇ ಔತಣ: ಕ್ಯಾರೆಟ್, ಗೆಣಸು, ಸಾಸಿವೆ ಸೊಪ್ಪು. ಪಾಲಕ್ ವರ್ಜ್ಯ, ಅದು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದಂತೆ. ಹೀಗೆ ತಿರಸ್ಕೃತವಾದ ಪಾಲಕ್ ಹುಳಿಯಾಗಿ ನಮ್ಮ ತಟ್ಟೆಗೆ ಬರುತ್ತಿದೆ.

ಅದನ್ನೂ ಸಹಿಸಬಹುದಿತ್ತು. ಆದರೆ ಗೆಣಸು ತಂದದ್ದು ಸಂಕ್ರಾಂತಿಗೆ. ಅವರೆಕಾಯಿಯ ಜೊತೆ ಬೇಯಿಸಬೇಕೆಂದು ಎತ್ತಿಟ್ಟಿದ್ದರಲ್ಲಿ ಅರ್ಧ ಚಿಮ್ಮಂಡೆಗಳ ಪಾಲಾಯಿತೆಂದು ಹೆಂಡತಿ ಇವತ್ತು ಪತ್ತೆ ಮಾಡಿದಳು. ಅವರೆಕಾಯಿಯಂತೂ ಮೊದಲೇ ಇಲ್ಲ. ಇಂಡಿಯನ್ ಸ್ಟೋರಿನಲ್ಲಿ ಸಿಕ್ಕಿದ್ದು ಹೆಪ್ಪುಗಟ್ಟಿದ ಅವರೆಕಾಳು, ಕಲ್ಲಿನಂಥ ಪೊಟ್ಟಣ. ಕರಗಿಸಿ, ನೆನೆಸಿ, ಹಿತುಕಿದರೆ ಬೇಳೆಯೇನೋ ಪುಳಕ್ಕನೆ ಹೊರಬರುತ್ತದೆ, ಆ ಸುಖಕ್ಕೆ ಕೊರತೆಯಿಲ್ಲ. ಸೊಗಡು? ಮಾಗಡಿ ಕಡೆಯ ಹೊಲದಲ್ಲಿ ಇಬ್ಬನಿ ಕುಡಿದ ಕಾಯಿಯಾದರೆ ಸುಲಿದ ಕೈ ಎರಡು ದಿನ ಘಮ್ಮೆನ್ನುತ್ತದೆ. ಇದನ್ನು ಹಿತುಕಿ ಕೈ ಮೂಸಿದರೆ ಫ್ರಿಜ್ಜಿನ ವಾಸನೆ. "ಇಂಗು ಒಂದು ಚೂರು ಜಾಸ್ತಿ ಹಾಕುತ್ತೇನೆ ಬಿಡಿ" ಅಂದಳು. ಅವರೆಬೇಳೆಗೆ ಇಂಗು ಹಾಕುವುದು ಸರಿಯೇ ತಪ್ಪೇ ಅನ್ನುವುದರ ಮೇಲೆ ಈಗ ಜಗಳ ನಡೆಯುತ್ತಿದೆ.